ಫ್ರಿಜ್ಜಿನ ಮೇಲೆ ಕೂತ ಡ್ರಿಲ್ಲು

ನಮ್ಮ ಮನೆಯ ದೇವರು ಬಹಳ ದಿನ ಫ್ರಿಜ್ಜಿನ ಮೇಲೆ ಕೂತಿದ್ದರು. ಇದನ್ನು ಹೇಳಿಕೊಳ್ಳಲು ನಾಚಿಕೆಯೇ. ಆದರೆ ನೀವೇನು ಹೊರಗಿನವರಲ್ಲ, ಮುಂಬಯಿಯ ಮನೆಗಳ ಅಳತೆ ನಿಮಗೂ ಗೊತ್ತು.

ಸಯನ್‌ನಲ್ಲಿ ನಮ್ಮ ಹಳೆಯ ಚಾಳಿನ ಖೋಲಿ ಇದ್ದಾಗ ಗೋಡೆಯೊಳಗೇ ಒಂದು ಗೂಡಿತ್ತು. ದೇವರು ಅದರಲ್ಲಿ ಸಂಸಾರ ಸಮೇತ ಸುಖವಾಗಿದ್ದರು. ಚಾಳು ಒಡೆದು ಬಿಲ್ಡಿಂಗ್ ಎದ್ದಿತು. ನಮಗೆ ಲಿಫ್ಟು ಬಂತು, ದೇವರಿಗೆ ಗೂಡು ಹೋಯಿತು. ಹೊಸ ಗೋಡೆಗಳು ಹೊಸ ಸೊಸೆಯಂದಿರ ಹಾಗೆ, ನುಣ್ಣಗೆ, ನೆಟ್ಟಗೆ, ಏನನ್ನೂ ಒಳಗಿಟ್ಟುಕೊಳ್ಳುವುದಿಲ್ಲ. ಗೋಡೆಗೆ ತೂಗು ಹಾಕಲೆಂದು ಸಾಗವಾನಿಯದೊಂದು ಮಂಟಪ ತಂದೆವು. ತಂದದ್ದಷ್ಟೇ. ಅದು ಬಾಲ್ಕನಿಯಲ್ಲಿ ಕೂತಿತು, ಅದರ ಗರ್ಭಗುಡಿಯಲ್ಲಿ ನಮ್ಮ ಮನೆಯವರ ಛತ್ರಿ ಪ್ರತಿಷ್ಠಾಪನೆಯಾಯಿತು, ದೇವರು ಫ್ರಿಜ್ಜಿನ ಮೇಲೆ ಏರಿದರು.

ಫ್ರಿಜ್ಜಿನ ಮೇಲಿನ ದೈವತ್ವ ಸುಲಭವಲ್ಲ. ಮೋಟಾರು ಶುರುವಾದಾಗಲೆಲ್ಲ ಗಣಪತಿ ಸಣ್ಣಗೆ ನಡುಗುತ್ತಾನೆ. ಹಾಲಿಗೆಂದು ಯಾರಾದರೂ ಬಾಗಿಲು ತೆಗೆದು ಧಡಕ್ಕನೆ ಹಾಕಿದರೆ ಬಾಲಕೃಷ್ಣ ಎಳ್ಳಷ್ಟು ಅಂಚಿಗೆ ಸರಿಯುತ್ತಾನೆ, ಸಂಜೆಯ ಲೋಕಲ್‌ನ ಬಾಗಿಲಲ್ಲಿ ನಿಂತವರ ಹಾಗೆ. ನನ್ನ ಪಾಡು ಬೇರೆ. ನಾನು ಗಿಡ್ಡ. ಕೆಳಗೆ ನಿಂತರೆ ದೇವರ ಮುಖ ಕಾಣದು. ಕಾಣುವುದು ಫ್ರಿಜ್ಜಿಗೆ ಅಂಟಿಸಿದ ಪ್ಲಾಸ್ಟಿಕ್ ಮಾವಿನಹಣ್ಣು. ಹೂ ಏರಿಸಬೇಕೆಂದರೆ ಸ್ಟೂಲು ಹತ್ತಬೇಕು. ಮಂಡಿನೋವಿನವಳು ದಿನಾ ಬೆಳಿಗ್ಗೆ ಸ್ಟೂಲು ಹತ್ತುವಾಗ ಮೊದಲ ಪ್ರಾರ್ಥನೆ ಮೋಕ್ಷಕ್ಕಲ್ಲ, ಬೀಳದಿರಲಿ ಎಂದು. ಇಷ್ಟು ದಿನ ಬೀಳಲಿಲ್ಲ, ಅದೊಂದು ಕೃಪೆ. ಆದರೆ ನನಗೆ ಬೇಕಿದ್ದುದು ಬಹಳ ದೊಡ್ಡದೇನಲ್ಲ: ನೆಲದ ಮೇಲೆ ನಿಂತು, ದೇವರ ಮುಖ ನೋಡುತ್ತ ಒಂದು ದೀಪ ಹಚ್ಚಬೇಕು.

ಎರಡು ತೂತಿನ ಕೆಲಸ. ಅಷ್ಟಕ್ಕೆ ಸುತಾರನನ್ನು, ಅಂದರೆ ಬಡಗಿಯನ್ನು ಕರೆದರೆ ಮುಂಬಯಿಯ ಸುತಾರ ಬರುವುದಿಲ್ಲ, ಅವನಿಗೆ ಇಡೀ ಅಡಿಗೆಮನೆ ಬೇಕು. ಬರುವವನೊಬ್ಬ ಸಿಕ್ಕಿದರೂ ನಮ್ಮ ಮನೆಯವರು ಬಿಡುವುದಿಲ್ಲ.

“ಎರಡು ತೂತಿಗೆ ಸುತಾರ ಯಾಕ? ನಾ ಸತ್ತೇನೇನು? ಮನ್ಯಾಗ ಒಂದು ಡ್ರಿಲ್ ಇದ್ದಿದ್ರ ಯಾವಾಗೋ ಮಾಡಿ ಒಗೀತಿದ್ದೆ.”

ಧಾರವಾಡದ ಕಡೆಯ ಗಂಡಸರು ‘ಮಾಡಿ ಒಗೀತೀನಿ’ ಎಂದರೆ ಒಗೆದು ಬಿಸಾಡುವುದು ಖಂಡಿತ, ಮಾಡುವುದು ದೇವರಿಚ್ಛೆ.

ಈಗ ಉಡುಗೊರೆಯ ವಿಷಯಕ್ಕೆ ಬರುತ್ತೇನೆ. ಮದುವೆಯಾದಾಗಿನಿಂದ ನನ್ನ ಹುಟ್ಟುಹಬ್ಬವನ್ನು ಇವರು ಒಮ್ಮೆಯೂ ಮರೆತಿಲ್ಲ, ಸುಳ್ಳು ಹೇಳಬಾರದು. ಮೊದಲ ವರ್ಷ ಕುಕ್ಕರ್ ತಂದರು. ಆಮೇಲೆ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಗ್ರೈಂಡರ್. ಒಂದು ವರ್ಷ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ನೆಲ ಒರೆಸುವ ಕೋಲು ತಂದರು. ಬಾಗಬೇಕಿಲ್ಲ, ನಿನ್ನ ಬೆನ್ನಿಗೆ ಆರಾಮ ಎಂದರು. ಪ್ರವಚನದಲ್ಲಿ ಆಚಾರ್ಯರು ದಾನ ಮೂರು ಬಗೆ ಎನ್ನುತ್ತಾರೆ. ಏನೂ ಬಯಸದೆ ಕೊಟ್ಟದ್ದು ಉತ್ತಮ, ತಿರುಗಿ ಬರಲೆಂದು ಕೊಟ್ಟದ್ದು ಮಧ್ಯಮ, ತಿರಸ್ಕಾರದಿಂದ ಕೊಟ್ಟದ್ದು ಅಧಮ. ಕೊಟ್ಟ ಮರುದಿನವೇ ಇಡ್ಲಿಯ ರೂಪದಲ್ಲಿ ಕೊಟ್ಟವರ ತಟ್ಟೆಗೇ ಬಂದು ಬೀಳುವ ದಾನ ಯಾವ ಬಗೆಯದೆಂದು ಕೇಳಬೇಕೆಂದಿದ್ದೆ. ಆಚಾರ್ಯರೂ ಸಂಸಾರಸ್ಥರು, ಪಾಪ, ಸುಮ್ಮನಾದೆ.

ಹೋದ ನವರಾತ್ರಿಯಲ್ಲಿ ಇವರ ಹುಟ್ಟುಹಬ್ಬ ಬಂತು. ಅದೇ ಶಾಸ್ತ್ರ ನಾನೂ ಪಾಲಿಸಿದರೆ ಏನೆಂದು ಯೋಚಿಸಿದೆ. ಬೊರಿವಲಿಯಲ್ಲಿರುವ ಮಗಳು ಫೋನಿನಲ್ಲಿ ಕೈಗಡಿಯಾರ, ಅಂಗಿ, ಸೆಂಟು ಎಂದೆಲ್ಲ ಸೂಚಿಸಿದಳು. ಡ್ರಿಲ್ ಎಂದೆ. ಅವಳಿಗೆ ನಗು ತಡೆಯಲಿಲ್ಲ.

“ಮಮ್ಮೀ, ಅದು ಗಿಫ್ಟ್ ಅಲ್ಲ, ಪನಿಶ್‌ಮೆಂಟ್ ಇದೆ!”

“ನನಗ ಕುಕ್ಕರ್ ಬಂದಾಗ ಯಾರೂ ಹಂಗ ಅನ್ನಲಿಲ್ಲವ್ವಾ” ಎಂದೆ.

ಸ್ಟೇಶನ್ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಅಂಗಡಿಯವನು, “ಭಾಭೀಜಿ, ಮಿಕ್ಸರ್ ಬಾಜೂವಾಲೇ ಕೇ ಪಾಸ್” ಎಂದು ಪಕ್ಕದ ಅಂಗಡಿ ತೋರಿಸಿದ. ಡ್ರಿಲ್ ಬೇಕೆಂದರೆ, “ಸಾಹಬ್ ಕೋ ಭೇಜ್ ದೋ ನಾ” ಎಂದ. ಸಾಹೇಬರನ್ನು ಕಳಿಸುವ ಹಾಗಿದ್ದರೆ ಡ್ರಿಲ್ ಏಕೆ ಬೇಕಿತ್ತು ಎಂಬುದನ್ನು ಹಿಂದಿಯಲ್ಲಿ ಹೇಳುವಷ್ಟು ಹಿಂದಿ ನನಗೆ ಬರುವುದಿಲ್ಲ. ಸಾಹೇಬರು ಏನು ಕೆಲಸ ಮಾಡುತ್ತಾರೆ, ಅದರ ಮೇಲೆ ಮಾಡೆಲ್ ತೋರಿಸುತ್ತೇನೆ ಎಂದ. “ಕುಛ್ ನಹೀಂ ಕರತೇ. ಇಸೀಲಿಯೇ ತೋ ಲೇ ರಹೀ ಹೂಂ” ಎಂದೆ, ಏನೂ ಮಾಡುವುದಿಲ್ಲ, ಅದಕ್ಕೇ ಒಯ್ಯುತ್ತಿರುವುದು ಎಂದು. ಅದರ ನಂತರ ಅವನು ಸ್ವಲ್ಪ ಗೌರವದಿಂದ ಮಾತಾಡಿದ.

ಜನ ಡ್ರಿಲ್ ಆರಿಸುವಾಗ ಶಕ್ತಿ, ವೇಗ ಎಂದೆಲ್ಲ ನೋಡುತ್ತಾರಂತೆ. ನಾನು ನೆವಗಳನ್ನು ನೋಡಿ ಆರಿಸಿದೆ. ‘ವೈರು ಮುಟ್ಟೂದಿಲ್ಲ’ ಎನ್ನುತ್ತಾರೆ, ಆದ್ದರಿಂದ ವೈರಿಲ್ಲದ್ದು. ‘ಚಾರ್ಜ್ ಮುಗೀತು’ ಎನ್ನುತ್ತಾರೆ, ಆದ್ದರಿಂದ ಎರಡು ಬ್ಯಾಟರಿಯದ್ದು. ‘ಸಿಮೆಂಟಿನ ಗ್ವಾಡಿ, ಒಳಗ ಹೋಗೂದಿಲ್ಲ’ ಎನ್ನುತ್ತಾರೆ, ಆದ್ದರಿಂದ ತಿರುಗುತ್ತಲೇ ಸುತ್ತಿಗೆಯ ಹಾಗೆ ಬಡಿಯುವಂಥದ್ದು. ‘ಕೈ ನೋಯ್ತದ’ ಎನ್ನುತ್ತಾರೆ, ಆದ್ದರಿಂದ ಹಗುರವಾದದ್ದು. ಸ್ಕ್ರೂ, ತೂತಿನೊಳಗೆ ತುರುಕುವ ಪ್ಲಾಸ್ಟಿಕ್ ಗಿಟ್ಟಿ, ಎಲ್ಲ ಜೊತೆಗೇ ಕಟ್ಟಿಸಿದೆ. ಓಡಿಹೋಗಲು ಒಂದು ಸಂದಿಯೂ ಉಳಿಯಲಿಲ್ಲವೆಂದು ಹೆಮ್ಮೆಯಿಂದ ಬಸ್ಸು ಹತ್ತಿದೆ. ಸೀಟೂ ಸಿಕ್ಕಿತು. ದೇವರು ಒಪ್ಪಿದ್ದಾನೆ ಎಂದುಕೊಂಡೆ.

ಇವರಿಗೆ ನಿಜವಾಗಿಯೂ ಸಂತೋಷವಾಯಿತು. ಕೈಯಲ್ಲಿ ಹಿಡಿದು ಗುಂಡಿ ಒತ್ತಿದರು, ಗುರ್ರ್ ಎಂದಿತು. ಇವರ ಮುಖದಲ್ಲಿ ಇಪ್ಪತ್ತರ ಹುಡುಗ ಬಂದುಹೋದ.

“ಏನ್ ಭಾರೀ ಅದಲಾ! ನಾಳೆನೇ ನಿನ್ನ ದೇವರಿಗೆ ಮನಿ ಕಟ್ಟಿಸಿಕೊಡ್ತೀನಿ ನೋಡು.”

ನನ್ನ ಲೆಕ್ಕದಲ್ಲಿ ಒಂದೇ ಒಂದು ತಪ್ಪಾಗಿತ್ತು. ಮರುದಿನ ಖಂಡೇನವಮಿ.

ನಮ್ಮ ಕಡೆ ಖಂಡೇನವಮಿಯ ದಿನ ಮನೆಯ ಆಯುಧಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಪೂಜಿಸುತ್ತಾರೆ. ಅಂದು ಅವಕ್ಕೆ ವಿಶ್ರಾಂತಿ, ಮುಟ್ಟುವ ಹಾಗಿಲ್ಲ. ಈಳಿಗೆ, ಕತ್ತರಿ, ಇವರ ಸ್ಕೂಟರು ಎಲ್ಲಕ್ಕೂ ಆಯಿತು. ಡ್ರಿಲ್ಲಿಗೆ ಇವರೇ ಸ್ವತಃ, ಸ್ನಾನ ಮಾಡಿ, ಮಡಿಯುಟ್ಟು, ಕುಂಕುಮ ಹಚ್ಚಿದರು. ಸಂಕಷ್ಟಿ ಯಾವಾಗ ಬರುತ್ತದೆಂದು ಜನ್ಮದಲ್ಲಿ ಕೇಳದ ಮನುಷ್ಯ ಡ್ರಿಲ್ಲಿಗೆ ಆರತಿ ಎತ್ತಿದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಆರತಿ ಮುಗಿದ ಮೇಲೆ ಅದನ್ನು ಎತ್ತಿ ಫ್ರಿಜ್ಜಿನ ಮೇಲೆ, ಗಣಪತಿಯ ಬಲಕ್ಕೆ ಕೂಡಿಸಿದರು.

ದಶಮಿಯಂದು ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಎಂದುಕೊಂಡೆವು. ಆಯುಧ ಇಳಿಸುವ ದಿನ. ಈಳಿಗೆ ಇಳಿಯಿತು, ಕತ್ತರಿ ಇಳಿಯಿತು. ಡ್ರಿಲ್ಲು ಇಳಿಯಲಿಲ್ಲ. ಹಬ್ಬದ ದಿನ ಸದ್ದು ಬೇಡವಂತೆ. ಭಾನುವಾರ ಗೋಡೆ ಕೊರೆಯಲು ಬಿಲ್ಡಿಂಗಿನ ಸೊಸೈಟಿ ಬಿಡುವುದಿಲ್ಲ. ವಾರದ ದಿನ ಬಾಂದ್ರಾದ ಆಫೀಸು. ಉಳಿದದ್ದು ರಜೆಯ ಶನಿವಾರ.

“ಶನಿವಾರ ಕಬ್ಬಿಣದ ಕೆಲಸಾ? ಶನಿದೇವರ ದಿನ! ಇಷ್ಟ ಪೂಜಾ ಮಾಡ್ತಿ, ನಿನಗ ಅಷ್ಟೂ ತಿಳೀಬಾರದೇನು?”

ನೆವಗಳನ್ನೆಲ್ಲ ಮುಚ್ಚಿದ್ದೆ, ಭಕ್ತಿಯೊಂದನ್ನು ಮುಚ್ಚಿರಲಿಲ್ಲ.

ಹೀಗೆ, ದೇವರಿಗೆ ಜಾಗ ಮಾಡಲು ಬಂದ ಡ್ರಿಲ್ಲು ದೇವರ ಜಾಗದಲ್ಲೇ ಪಾಲು ಪಡೆಯಿತು. ದಿನಾ ಹೂ ಏರಿಸುವಾಗ ಅದನ್ನು ಬಿಡುವುದು ಹೇಗೆ? ನಾನು ಸ್ಟೂಲು ಹತ್ತಿ ಅದಕ್ಕೂ ಒಂದು ದಾಸವಾಳ ಇಡತೊಡಗಿದೆ. ಮನೆಗೆ ಯಾರಾದರೂ ಬಂದರೆ ಇವರು ಅದನ್ನು ಇಳಿಸಿ, ಗಾಳಿಯಲ್ಲಿ ಗುರ್ರ್ ಎನಿಸಿ, “ಎರಡು ಬ್ಯಾಟರೀದು” ಎಂದು ತೋರಿಸಿ, ಮತ್ತೆ ಮೇಲಿಡುವರು. ನಮ್ಮ ಮನೆಯ ಗಾಳಿ ಜರಡಿಯಾಯಿತು. ಗೋಡೆ ನುಣ್ಣಗೇ ಉಳಿಯಿತು. ಇದೇ ನವರಾತ್ರಿಯ ಪುರಾಣದಲ್ಲಿ ದೇವತೆಗಳೆಲ್ಲ ಸೇರಿ ದೇವಿಗೆ ಒಂದೊಂದು ಆಯುಧ ಉಡುಗೊರೆ ಕೊಟ್ಟರಂತೆ. ಅವಳು ತಗೊಂಡವಳೇ ಹೋಗಿ ರಾಕ್ಷಸನನ್ನು ಮುಗಿಸಿ ಬಂದಳು. ಅಲ್ಲಿಯೂ ಅಷ್ಟೇ ನೋಡಿ: ಕೊಟ್ಟವರು ಗಂಡಸರು, ಕೆಲಸ ಮಾಡಿದವಳು ಅವಳು. ಅಕಸ್ಮಾತ್ ಅವಳು ತಿರುಗಿ ಅವರಿಗೆ ಆಯುಧ ಕೊಟ್ಟಿದ್ದರೆ, ರಾಕ್ಷಸ ಇವತ್ತಿಗೂ ಸುಖವಾಗಿ ಇರುತ್ತಿದ್ದ.

ಆದರೆ ಬೈದುಕೊಳ್ಳುತ್ತ ಹೂ ಇಡುವಾಗಲೇ ನನಗೊಂದು ಜ್ಞಾನೋದಯವಾಯಿತು. ಉಡುಗೊರೆಯನ್ನು ಸ್ವೀಕರಿಸುವುದು ಹೇಗೆಂದು ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಮಿಕ್ಸರ್ ಬಂದ ಮರುದಿನ ಬೆಳಿಗ್ಗೆ ಚಟ್ನಿ ರುಬ್ಬಿದ ಮೂರ್ಖಳು ನಾನು. ಇವರು ಬಲ್ಲವರು: ಮೆಚ್ಚಬೇಕು, ಪೂಜಿಸಬೇಕು, ಮೇಲಿಡಬೇಕು.

ಸಂಕ್ರಾಂತಿಯ ಹಿಂದೆಮುಂದೆ ನನ್ನ ಹುಟ್ಟುಹಬ್ಬ. ಈ ಸಲ ಬಂದದ್ದು ಏರ್ ಫ್ರೈಯರ್. ಡಾಕ್ಟರು ಇವರಿಗೆ ಎಣ್ಣೆ ಕಡಿಮೆ ಮಾಡಲು ಹೇಳಿದ್ದಾರೆ, ಆದ್ದರಿಂದ ನನಗೆ ಉಡುಗೊರೆ.

“ಇದರಾಗ ಎಣ್ಣಿ ಇಲ್ಲದನ ಮೆಣಸಿನಕಾಯಿ ಭಜಿ ಆಗ್ತಾವಂತ. ಸಂಜೀಕ ಮಾಡ್ತಿಯೇನು?”

ಬಹಳ ಛಲೋ ಅದ ಅಂದೆ. ಒರೆಸಿದೆ. ಕುಂಕುಮ ಹಚ್ಚಿದೆ. ಎರಡೂ ಕೈಯಲ್ಲಿ ಎತ್ತಿಕೊಂಡು, ಸ್ಟೂಲು ಹತ್ತಿ, ಗಣಪತಿಯ ಎಡಕ್ಕೆ ಕೂಡಿಸಿದೆ.

“ಅಲ್ಲೆ ಯಾಕಿಟ್ಟಿ?”

“ಹೊಸಾ ಆಯುಧರೀ. ಪೂಜಾ ಆಗದ ಹೆಂಗ ಮುಟ್ಟೂದು? ಖಂಡೇನವಮಿ ಬರಲಿ.”

“ಖಂಡೇನವಮಿಗೆ ಇನ್ನೂ ಒಂಬತ್ತು ತಿಂಗಳದಲಾ!”

“ನಿಮ್ಮಿಂದನ ಕಲತೆ. ಇಷ್ಟ ವರ್ಷ ತಿಳೀಲಾರದ ತಪ್ಪು ಮಾಡಿದೆ.”

ಮರುದಿನ ಇಡ್ಲಿಗೆ ಚಟ್ನಿ ಇರಲಿಲ್ಲ. ಮಿಕ್ಸರಿಗೂ ಕುಂಕುಮವಾಗಿ ಅದೂ ಮೇಲೇರಿತ್ತು, ಅದೊಂದಕ್ಕೆ ಭೇದ ಮಾಡಬಾರದಲ್ಲ. ಫ್ರಿಜ್ಜಿನ ಮೇಲೆ ಈಗ ಜಾಗ ಬಹಳ ಇಕ್ಕಟ್ಟು, ಬಾಲಕೃಷ್ಣನ ಒಂದು ಕಾಲು ಹೊರಗೇ ಬಂದಿತ್ತು. ಅಪ್ಪಾ ಕೃಷ್ಣಾ, ಸ್ವಲ್ಪ ಸಂಭಾಳಿಸಿಕೋ, ನಿನ್ನ ಸಲುವಾಗೇ ನಡೆದಿರುವುದು ಎಂದು ಕೈಮುಗಿದೆ. ಇವರು ಒಣ ಇಡ್ಲಿ ಮುರಿಯುತ್ತ, ನನ್ನ ಕಣ್ಣು ಯಾವ ಕಡೆ ಹೋಗುತ್ತದೆಂದು ನೋಡುತ್ತಿದ್ದರು. ಅದು ಕುಕ್ಕರಿನ ಕಡೆ ಹೋಗಿತ್ತು.

“ಅದನ್ನೂ ಏರಸ್ತಿಯೇನು?” ಎಂದರು, ಸಣ್ಣ ಧ್ವನಿಯಲ್ಲಿ.

“ಮಂಟಪ ಗ್ವಾಡಿಗೆ ಏರಿದ್ರ ದೇವರು ಅಲ್ಲಿಗೆ ಹೋಗ್ತಾರ. ದೇವರು ಹೋದ ಮ್ಯಾಲೆ ಇವಕ್ಕೆಲ್ಲಾ ಅಲ್ಲಿ ಏನು ಕೆಲಸ? ಕೆಳಗ ಇಳೀತಾವ.”

ಆ ವಾರವೇ ರಜೆಯ ಶನಿವಾರವಿತ್ತು. ಶನಿದೇವರು ಅದೇನು ಒಪ್ಪಿಗೆ ಕೊಟ್ಟನೋ ತಿಳಿಯದು, ಚಹಾ ಕುಡಿದವರೇ ಡ್ರಿಲ್ಲಿನ ದಾಸವಾಳ ತೆಗೆದು ಬದಿಗಿಟ್ಟರು. ಛತ್ರಿ ಮಂಟಪದಿಂದ ವಿಸರ್ಜನೆಯಾಯಿತು. ಪೆನ್ಸಿಲಿನಿಂದ ಗುರುತು ಹಾಕಿ ಗೋಡೆಗೆ ಆನಿಸಿ ಒತ್ತಿದರು. ಇಡೀ ಬಿಲ್ಡಿಂಗ್ ನಡುಗಿತು, ಸಿಮೆಂಟಿನ ಪುಡಿ ಇವರ ಮೀಸೆಯ ಮೇಲೆ ವಿಭೂತಿಯ ಹಾಗೆ ಕೂತಿತು. ಗಿಟ್ಟಿ ಹೋಯಿತು, ಸ್ಕ್ರೂ ಹೋಯಿತು, ಮಂಟಪ ಏರಿತು. ಒಲೆಯ ಮೇಲಿಟ್ಟಿದ್ದ ಅನ್ನ ಇನ್ನೂ ಆಗಿರಲಿಲ್ಲ.

ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ತಲೆ ಒಂದು ಬದಿಗೆ ವಾಲಿಸಿದರು.

“ಸ್ವಲ್ಪ ಸೊಟ್ಟ ಆತೇನು? ಗ್ವಾಡಿನ ಸೊಟ್ಟ ಅದ, ಬಿಲ್ಡರ್ ಹಾಳಾಗ. ಬಿಚ್ಚಿ ಸರಿ ಮಾಡ್ಲಿ?”

“ಬ್ಯಾಡ್ರೀ. ಇರಲಿ ಹಂಗ.”

ಸಂಜೆ ಭಜಿ ಮಾಡಿದೆ, ಎಣ್ಣೆಯಲ್ಲೇ, ಡಾಕ್ಟರಿಗೆ ಕಾಣದಷ್ಟು. ಆ ಯಂತ್ರದಲ್ಲಿ ಹಸಿ ಹಿಟ್ಟು ನಿಲ್ಲದೆ ಕೆಳಗೆ ಸೋರುತ್ತದೆಂದು ಅದರ ಪುಸ್ತಿಕೆಯಲ್ಲೇ ಬರೆದಿತ್ತು, ತಂದವರು ಓದಿರಲಿಲ್ಲ. ಆಮೇಲೆ ಕೈತೊಳೆದುಕೊಂಡು, ನೆಲದ ಮೇಲೆ ನಿಂತು, ಸ್ಟೂಲಿಲ್ಲದೆ, ದೇವರ ಮುಖ ನೋಡುತ್ತ ದೀಪ ಹಚ್ಚಿದೆ. ಗಣಪತಿ ನಡುಗಲಿಲ್ಲ. ಹಣತೆಯ ಎಣ್ಣೆ ಮಾತ್ರ ಒಂದು ಬದಿಗೆ ಸರಿದು ನಿಂತಿತ್ತು. ಮಂಟಪ ಎಡಕ್ಕೆ, ಅಡಿಗೆಮನೆಯ ಕಡೆಗೆ ವಾಲಿದೆ.

ಸರಿ ಮಾಡಿಸುವ ವಿಚಾರ ನನಗಿಲ್ಲ. ಇಷ್ಟು ವರ್ಷದ ಮೇಲೆ ಈ ಮನೆಯಲ್ಲಿ ಒಬ್ಬರಾದರೂ ಅಡಿಗೆಮನೆಯ ಕಡೆ ವಾಲಿದರಲ್ಲ, ಅದೂ ದೇವರೇ.