ಸುಳ್ಳಿನ ಮನೆ ಅಜ್ಜಿ ಹೇಳಿದ ಮಾತು

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಮನುಷ್ಯರಿಗಿಂತ ಮುಂಚೆ ಅವರ ಮನೆತನದ ಅಡ್ಡಹೆಸರು ಬಂದು ಕಟ್ಟೆಯ ಮೇಲೆ ಕೂರುತ್ತಿತ್ತು. ನನ್ನಿವಾಳದ ಪಕ್ಕದ ಸಣ್ಣ ಊರು ಅದು. ನಮ್ಮದು ‘ದೊಡ್ಡಮನೆ’; ಇದ್ದದ್ದು ಎರಡೇ ಕೋಣೆ. ಊರ ಕೊನೆಯಲ್ಲಿ ಒಬ್ಬಳೇ ಇದ್ದ ಅಜ್ಜಿಯದು ‘ಸುಳ್ಳಿನ ಮನೆ’. ಅವಳ ಗಂಡನ ತಾತ ಯಾವಾಗಲೋ ಗುಡ್ಡದಲ್ಲಿ ಚಿರತೆ ಕಂಡೆನೆಂದು ಊರಿಗೆ ಊರನ್ನೇ ದೊಣ್ಣೆ ಹಿಡಿಸಿ ಓಡಿಸಿದ್ದನಂತೆ. ಚಿರತೆ ಸಿಗಲಿಲ್ಲ, ಹೆಸರು ಉಳಿಯಿತು.

ಅಜ್ಜಿಯ ಬಾಯಿಂದ ನಾನು ಒಂದು ಸುಳ್ಳನ್ನೂ ಕೇಳಿರಲಿಲ್ಲ. ಆದರೂ ಅವಳು ಕಣ್ಣು ಕಿರಿದು ಮಾಡಿ ಮಾತಾಡಿದರೆ, ಏನೋ ಮುಚ್ಚಿಡುತ್ತಿದ್ದಾಳೆ ಎನಿಸುತ್ತಿತ್ತು. ನಮ್ಮ ಕಡೆಯ ಬಿಸಿಲಿಗೆ ಎಲ್ಲರ ಕಣ್ಣೂ ಹಾಗೇ ಆಗುತ್ತಿದ್ದವು, ಅದು ಬೇರೆ ಮಾತು.

ಅಂದು ಭಾನುವಾರ. ಅಪ್ಪ ಚಳ್ಳಕೆರೆಗೆ ಹೋಗಿದ್ದರು. ಅಕ್ಕನ ಕಡಸನ್ನು ಮೇಯಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಡಸು ಎಂದರೆ ಇನ್ನೂ ಕರು ಹಾಕದ ಎಳೆಯ ಹಸು. ಅದರ ತಾಯಿ ಸತ್ತಾಗ ಅಕ್ಕ ಬಟ್ಟೆಯನ್ನು ಹಾಲಿಗೆ ಅದ್ದಿ ಅದರ ಬಾಯಿಗಿಟ್ಟು ಬೆಳೆಸಿದ್ದಳು. ಅಕ್ಕ ಕೆಮ್ಮಿದರೂ ಅದು ಕಿವಿ ಎತ್ತುತ್ತಿತ್ತು.

ಒಣಗಿದ ಸೀಮೆಯ ನಡುವೆ ಒಂದು ಹೊಲ ಮಾತ್ರ ಹಸಿರಾಗಿತ್ತು. ಜೋಳ ಕೊಯ್ದ ಮೇಲೆ ಬಿದ್ದ ಒಂದು ಮಳೆಗೆ, ಉಳಿದ ಕಡ್ಡಿಗಳ ಬುಡದಿಂದ ಗೇಣುದ್ದ ಚಿಗುರು ಎದ್ದಿತ್ತು. ಕಡಸು ಹಗ್ಗ ಜಗ್ಗತೊಡಗಿತು. ನಾನು ಹಗ್ಗ ಬಿಡುವಷ್ಟರಲ್ಲಿ ಅಜ್ಜಿ ಬೇಲಿಯಾಚೆಯಿಂದ ಕೂಗಿದಳು.

“ಲೇ ಹುಡುಗಾ, ಜೋಳಕ್ಕೆ ಬಿಡಬ್ಯಾಡ! ಎಳೇದ್ರಾಗೆ ವಿಷ ಐತೆ.”

“ನಿನ್ ಮೇಕೆಗೆ ಬೇಕು ಅಂತ ಹೇಳ್ತೀಯಾ. ನಂಗೊತ್ತಿಲ್ವಾ!”

“ಮೇಕೆನಾ ಕಟ್ಟಾಕಿ ಬಂದೀನಿ ಕಣೋ. ಹೋಗಿ ನೋಡು ಬೇಕಾದ್ರೆ.”

ನೋಡಲು ಹತ್ತು ಹೆಜ್ಜೆ ಸಾಕಾಗಿತ್ತು. ನಾನು ಹೋಗಲಿಲ್ಲ. “ಸುಳ್ಳಿನ ಮನೇಳು” ಎಂದು ಹಗ್ಗ ಬಿಟ್ಟೆ. ಅಜ್ಜಿ ತನ್ನ ಮನೆಯ ಕಡೆ ಓಡಿದಳು.

ಚಿಗುರು ಹರಿಯುವ ‘ಚರ್ ಚರ್’ ಸದ್ದು, ಹಸಿ ವಾಸನೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಕಡಸಿನ ಕಾಲುಗಳು ನಡುಗಿದವು, ಬಾಯಲ್ಲಿ ನೊರೆ ಬಂತು, ಅದು ಮುಂಗಾಲೂರಿ ಕುಸಿಯಿತು. ನಾನು ಕಿರುಚಿಕೊಂಡೆ. ಮೊದಲು ಓಡಿ ಬಂದವಳು ಅಜ್ಜಿ. ಅವಳ ಕೈಯಲ್ಲಿ ಬೆಲ್ಲದ ನೀರಿನ ಚೊಂಬು, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ. ಕೂಗು ಕೇಳಿ ಬಂದ ಅಕ್ಕ ದನದ ಡಾಕ್ಟರಿಗೆ ಫೋನ್ ಮಾಡಲೆಂದು ಅಂಚೆ ಕಚೇರಿಗೆ ಓಡಿದಳು. ಭಾನುವಾರವಾದ್ದರಿಂದ ಅದಕ್ಕೆ ಬೀಗ. ಅಳುತ್ತಲೇ ಹೊಲಕ್ಕೆ ಬಂದು ಕಡಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಜ್ಜಿ ಗೊಟ್ಟದಿಂದ ಹನಿಹನಿಯಾಗಿ ನೀರು ಬಿಟ್ಟಳು. ಎಷ್ಟು ಹೊತ್ತು ಎಂದು ಕೇಳಬೇಡಿ, ಮಕ್ಕಳೇ. ಈಗ ಮೊಳಕಾಲ್ಮೂರಿನಲ್ಲಿರುವ ಅಕ್ಕ, ಸಂಜೆಯಾಗಿತ್ತು ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇದ್ದಾನೆ.

ಬಸ್ಸಿಳಿದ ಅಪ್ಪ ಸುದ್ದಿ ಕೇಳಿ ಹೊಲಕ್ಕೇ ಓಡಿ ಬಂದರು.

“ಎಳೆ ಜೋಳಕ್ಕೆ ಬಿಟ್ಟೀಯಲ್ಲೋ! ಯಾರೂ ಹೇಳಲಿಲ್ವೇನೋ?”

“ಇಲ್ಲಪ್ಪ. ಯಾರೂ ಹೇಳ್ಲಿಲ್ಲ.”

ಅಜ್ಜಿ ತಲೆ ಎತ್ತಿದಳು. “ನಾನು ಹೇಳಿದ್ದೆ ಕಣಪ್ಪ.”

ಅಪ್ಪ ನನ್ನನ್ನು ನೋಡಿದರು, ಅವಳನ್ನು ನೋಡಿದರು, ನಕ್ಕರು. “ಬಿಡವ್ವ. ದೊಡ್ಡಮನೆ ಹುಡುಗ ಯಾಕೆ ಸುಳ್ಳಾಡ್ತಾನೆ? ಜೀವ ಉಳಿಸ್ತಾ ಇದೀಯ, ಪುಣ್ಯ ಬರ್ಲಿ. ಆದ್ರೂ ಮನೆತನದ ಬುದ್ಧಿ ಬಿಡಲಿಲ್ಲ ನೋಡು.”

ಅಜ್ಜಿ ನನ್ನ ಕಡೆ ನೋಡಿದಳು. ಕಾಯುತ್ತಿದ್ದಳು. ನಾನು ಕಾಲಬೆರಳಿನಿಂದ ಮಣ್ಣು ಕೆದರಿದೆ. ಅವಳು ಮತ್ತೆ ಬಾಗಿ ಗೊಟ್ಟಕ್ಕೆ ನೀರು ತುಂಬಿದಳು. ಕೊನೆಗೆ ಕಡಸು ಮೂಗಿನಿಂದ ಜೋರಾಗಿ ಉಸಿರುಬಿಟ್ಟು, ತೂರಾಡುತ್ತಾ ಎದ್ದು ನಿಂತಿತು. “ಎದ್ದಿತಲ್ಲ” ಎಂದಳು ಅಜ್ಜಿ. ಚೊಂಬು ಹಿಡಿದು ಮನೆಯ ಕಡೆ ಹೊರಟಳು.

ನಿಮ್ಮ ಅಮ್ಮ ಚಿಕ್ಕವಳಿದ್ದಾಗ ಅವಳಿಗೂ ಈ ಕಥೆ ಹೇಳುತ್ತಿದ್ದೆ. ನಾನು ಓಡಿಹೋಗಿ ಅಜ್ಜಿಯ ಸೆರಗು ಹಿಡಿದು, ಅಪ್ಪನೆದುರು ನಿಜ ಹೇಳಿದೆ ಎಂದು ಮುಗಿಸುತ್ತಿದ್ದೆ. ಹೇಳಿ ಹೇಳಿ, ಆ ಸೆರಗಿನ ಒರಟು ನೂಲು ನನ್ನ ಕೈಗೆ ತಾಗಿದ ಹಾಗೆಯೇ ಆಗುತ್ತಿತ್ತು. ಅದು ನಡೆಯಲಿಲ್ಲ, ಮಕ್ಕಳೇ. ನಾನು ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಅಪ್ಪ ಇದನ್ನು ಕಟ್ಟೆಯ ಮೇಲೆ ಹೇಳಿ ನಗಿಸಿದರು. ಚಿರತೆಯ ಕಥೆಯ ಪಕ್ಕದಲ್ಲಿ ಇದೂ ಸೇರಿಕೊಂಡಿತು. ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡಳು.

ನಿಮ್ಮ ಬೀದಿಯಲ್ಲಿ ಮನೆಗಳಿಗೆ ಬರೀ ನಂಬರು. ಮನೆತನದ ಅಡ್ಡಹೆಸರು ಹಿಡಿದು ಯಾರೂ ನಿಮ್ಮನ್ನು ಅಳೆಯುವುದಿಲ್ಲ, ನನಗೆ ಅದು ಸಂತೋಷವೇ. ಆದರೆ ನಿನ್ನೆ ನಿಮ್ಮ ಶಾಲೆಯ ಹುಡುಗನೊಬ್ಬ ಫೋನ್ ಮಾಡಿದಾಗ, ಪರದೆಯ ಮೇಲೆ ಅವನ ಹೆಸರಿರಲಿಲ್ಲ. ನೀವೇ ಬರೆದಿಟ್ಟ ‘ಬಂಡಲ್’ ಎಂಬ ಪದ ಇತ್ತು. “ಎತ್ತಬ್ಯಾಡ ತಾತ, ಬರೀ ರೀಲು ಬಿಡ್ತಾನೆ” ಎಂದು ಇಬ್ಬರೂ ನಕ್ಕಿರಿ. ಫೋನು ಮೂರು ಸಲ ಬಡಿದುಕೊಂಡು ಸುಮ್ಮನಾಯಿತು. ಅವನು ಏನು ಹೇಳಬೇಕೆಂದಿದ್ದನೋ ನಮಗೆ ಗೊತ್ತಿಲ್ಲ. ಇವತ್ತು ಶಾಲೆಯಿಂದ ಬಂದವರೇ ಅವನಿಗೆ ವಾಪಸ್ ಫೋನ್ ಮಾಡಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ.