ಮಾಲೇಕಲ್ಲಿನ ಮುಂದಿನ ಮೆಟ್ಟಿಲು

ನಮ್ಮ ಮನೆಗೆ ಡ್ರೋನ್ ಬಂದದ್ದು ಶೋಕಿಗೆ ಎಂದು ಅರಸೀಕೆರೆಯ ನಮ್ಮ ಬೀದಿಯವರೆಲ್ಲ ನಂಬಿದ್ದಾರೆ. ನಂಬಲಿ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿರುವ, ತಲೆ ನರೆತ ಮನುಷ್ಯ ತಾರಸಿಯ ಮೇಲೆ ನಿಂತು ಅಂಗೈ ಅಗಲದ ಯಂತ್ರ ಹಾರಿಸುತ್ತಿದ್ದರೆ ಜನ ಬೇರೇನು ತಿಳಿದುಕೊಂಡಾರು? ಆದರೆ ಅದು ಬಂದದ್ದು ನನ್ನ ಹೆಂಡತಿಯ ಹರಕೆಗಾಗಿ.

ಮಗಳ ಹೆರಿಗೆ ಕಷ್ಟವಾಗಿ, ನರ್ಸುಗಳು ನಮ್ಮ ಮುಖ ನೋಡದೆ ಓಡಾಡುತ್ತಿದ್ದ ದಿನ, ಇವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೆ ಹರಕೆ ಹೊತ್ತಳು. ತಾಯಿ ಮಗು ಇಬ್ಬರೂ ಉಳಿದರೆ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹತ್ತುತ್ತೇನೆ, ಅದಾದ ಮೇಲೆಯೇ ಮಗುವಿನ ಮುಡಿ ಕೊಡುವುದು ಎಂದು. ಇಬ್ಬರೂ ಉಳಿದರು. ಇವಳು ಹೊರಟಳು. ಬಗ್ಗಿದಳು, ಹಚ್ಚಿದಳು, ಎದ್ದಳು, ಮತ್ತೆ ಬಗ್ಗಿದಳು. ಬೆಟ್ಟದ ಅರ್ಧ ದಾಟಿದ ಮೇಲೆ ಒಂದು ಮೆಟ್ಟಿಲಿನ ಹತ್ತಿರ ಬಗ್ಗಿದವಳು ಏಳಲೇ ಇಲ್ಲ. ಸೊಂಟ ಹಿಡಿದುಕೊಂಡಿತ್ತು. ಯಾರೋ ಪುಣ್ಯಾತ್ಮರು ಕೈ ಜೋಡಿಸಿದರು, ಹೊತ್ತು ಇಳಿಸಿದೆವು. ಡಿಸ್ಕ್ ಜಾರಿದೆ, ಇನ್ನು ಬೆಟ್ಟದ ಮಾತೇ ಆಡಬೇಡಿ ಎಂದರು ಡಾಕ್ಟರು. ಉಳಿದ ಕುಂಕುಮ ಬಟ್ಟಲ ಸಮೇತ ನಮ್ಮ ದೇವರ ಗೂಡಿನಲ್ಲಿ ಹಾಗೇ ಕೂತಿತು.

"ಮಿಕ್ಕಿದ್ದು ನಾನು ಹಚ್ಚಿ ಬರ್ತೀನಿ ಬಿಡೇ" ಎಂದೆ.

"ಹೊತ್ತವಳು ನಾನು, ಹಚ್ಚೋರು ನೀವಾ? ಒಬ್ಬರು ಶುರು ಮಾಡಿದ್ದನ್ನ ಇನ್ನೊಬ್ಬರು ಮುಗ್ಸೋಕೆ ಇದೇನು ನಿಮ್ಮ ಆಫೀಸಿನ ಫೈಲಾ?"

ಬೆಟ್ಟದ ಅರ್ಚಕರನ್ನು ಕೇಳಿದೆವು. "ಮನಸ್ಸಲ್ಲೇ ಹತ್ತಿ ತಾಯಿ, ಸ್ವಾಮಿ ಒಪ್ಕೋತಾನೆ" ಎಂದರು. ಇವಳು ದಿನಾ ಬೆಳಿಗ್ಗೆ ಸ್ನಾನ ಮಾಡಿ ಕಣ್ಣು ಮುಚ್ಚಿ ಕೂರತೊಡಗಿದಳು. ಒಂದು ದಿನ ಕೂತಲ್ಲೇ ಅಳುತ್ತಿದ್ದಳು.

"ಆಗ್ತಿಲ್ಲ ಕಣ್ರೀ. ಕಣ್ಣು ಮುಚ್ಚಿದ್ರೆ ಆ ಮೆಟ್ಟಿಲೇ ಬರುತ್ತೆ. ಅದರ ಮುಂದಿನದು ಬರೋದೇ ಇಲ್ಲ. ಎಲ್ಲರೂ ಇಳಿಸ್ಕೊಂಡು ಬಂದ್ವಿ ಅಂತೀರಿ, ನಾನಿನ್ನೂ ಅಲ್ಲೇ ಬಗ್ಗಿ ನಿಂತಿದೀನಿ."

ಮೊಮ್ಮಗನ ಕೂದಲು ಬೆಳೆದು ಕಣ್ಣಿಗೆ ಇಳಿಯುತ್ತಿತ್ತು. ಮುಡಿ ಯಾವಾಗ ಎಂದು ಬೀಗರು ಫೋನ್ ಮಾಡಿದಾಗೆಲ್ಲ ಇವಳ ಮುಖ ಬಾಡುತ್ತಿತ್ತು. ಮಗುವಿಗೆ ನೆಗಡಿ ಬಂದರೂ ಅರ್ಧಕ್ಕೆ ನಿಂತ ಹರಕೆಯೇ ಕಾರಣ. ಮುಂದಿನ ದಾರಿ ಕಣ್ಣಿಗೆ ಬಿದ್ದರೆ ಇವಳ ಮನಸ್ಸು ಹತ್ತೀತು ಎಂದು ನನಗೆ ಹೊಳೆಯಿತು. ಹೀಗೆ ಬಂತು ಡ್ರೋನ್.

ಕಲಿಯುವ ಉತ್ಸಾಹದಲ್ಲಿ ಮೊದಲು ಹಳೇಬೀಡಿಗೆ ಹೋದೆ. ಪೆಟ್ಟಿಗೆ ತೆರೆಯುವಷ್ಟರಲ್ಲೇ ಕಾವಲಿನವರು ಬಂದು, "ಇಲ್ಲಿ ಹಾರ್ಸೋ ಹಂಗಿಲ್ಲ ಸಾರ್, ಒಳಗಿಡಿ" ಎಂದರು. ತಪ್ಪು ನನ್ನದೇ, ಒಳಗಿಟ್ಟೆ. ಆಮೇಲೆ ಹಾರನಹಳ್ಳಿಯಲ್ಲಿರುವ ನನ್ನ ಷಡ್ಡಕನ ತೆಂಗಿನ ತೋಟವೇ ಗತಿಯಾಯಿತು. "ಏನ್ಲಾ ಇದು, ಕಾಯಿ ಕೀಳಾಕೂ ಬತ್ತದಾ?" ಎಂದು ಅವನು ನಕ್ಕ. ಕೈ ಪಳಗಿದ ಮೇಲೆ ಅರ್ಚಕರಿಗೆ ಹೇಳಿ, ಗೋಪುರದ ಮೇಲೆ ಹಾರಿಸುವುದಿಲ್ಲ ಎಂದು ಮಾತು ಕೊಟ್ಟು, ಇವಳು ನಿಂತುಹೋದ ಮೆಟ್ಟಿಲಿನವರೆಗೂ ಏದುಸಿರು ಬಿಡುತ್ತ ಹತ್ತಿದೆ. ಅದೇ ಮೆಟ್ಟಿಲ ಮೇಲೆ ಡ್ರೋನ್ ಇಟ್ಟು ಹಾರಿಸಿದೆ. ಬ್ಯಾಟರಿ ಬದಲಿಸಿ ಬದಲಿಸಿ ತುದಿಯವರೆಗೂ ಚಿತ್ರ ತೆಗೆದೆ. ತುಂಡು ತುಂಡಾಗಿರುವುದನ್ನು ಸೇರಿಸಿದರೆ ಮುಗಿಯಿತು, ಅಷ್ಟೇ ಎಂದುಕೊಂಡು ಮನೆಗೆ ಬಂದೆ.

ಆ 'ಅಷ್ಟೇ'ಯೊಳಗೆ ಸಿಕ್ಕಿಕೊಂಡವನು ಮಳೆಗಾಲ ಕಳೆದರೂ ಈಚೆ ಬರಲಿಲ್ಲ.

ಮೊದಲು ಸಿಕ್ಕಿದ್ದು ಪುಕ್ಕಟೆ ಸಾಫ್ಟ್‌ವೇರ್. ಕಷ್ಟಪಟ್ಟು ಕಲಿತು, ತುಂಡುಗಳನ್ನು ಜೋಡಿಸಿ, ವಿಡಿಯೊ ಹೊರಗೆ ತೆಗೆದೆ. ಬೆಟ್ಟದ ಉದ್ದಗಲಕ್ಕೂ ಕಂಪನಿಯ ಹೆಸರು ಅಡ್ಡಡ್ಡ ಬರೆದಿತ್ತು. ಹೆಸರು ಹೋಗಬೇಕಾದರೆ ದುಡ್ಡು ಕಟ್ಟಬೇಕಂತೆ. ಇದೂ ಒಂದು ಪುಕ್ಕಟೆಯೇ? ಎರಡನೆಯದು ಸಿನಿಮಾದವರು ಬಳಸುವಂಥದು, ನಿಜವಾಗಿಯೂ ಪುಕ್ಕಟೆ. ಅದನ್ನು ತೆರೆದರೆ ನನ್ನ ಹಳೆಯ ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿ, ಬಿಸಿಯಾಗಿ, ನಿಂತುಬಿಡುತ್ತಿತ್ತು. ಮೂರನೆಯದಕ್ಕೆ ತಿಂಗಳ ಬಾಡಿಗೆ. ಸೇರಿಕೊಳ್ಳುವ ಬಟನ್ ಕಣ್ಣಿಗೆ ಹೊಡೆಯುವಷ್ಟು ದೊಡ್ಡದು, ಬಿಡಿಸಿಕೊಳ್ಳುವ ಬಟನ್ ಹುಡುಕಿ ಹುಡುಕಿ ಕಣ್ಣು ನೋವು ಬಂತು. ಇನ್ನೂ ಕೆಟ್ಟದ್ದೆಂದರೆ, ಒಂದರಲ್ಲಿ ಅರ್ಧ ಮಾಡಿದ ಕೆಲಸವನ್ನು ಇನ್ನೊಂದು ಮುಟ್ಟುತ್ತಲೂ ಇರಲಿಲ್ಲ. ಪ್ರತಿ ಸಲವೂ ಮೊದಲಿನಿಂದ. ಹೆಂಡತಿಯ ಹರಕೆಗೂ ಇವಕ್ಕೂ ಒಂದೇ ಹಟ.

ಬೇಲೂರಿನಲ್ಲಿ ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರನ್ನು ಕೇಳಲು ಹೋದೆ. "ಮದುವೆಗಾ ಸಾರ್, ಪ್ರೀ ವೆಡ್ಡಿಂಗಿಗಾ?" ಎಂದರು ಅವರು.

"ಬೆಟ್ಟ ಹತ್ತೋಕೆ" ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿ, ನಾಲ್ಕನೆಯ ಸಾಫ್ಟ್‌ವೇರಿನ ಹೆಸರು ಹೇಳಿದರು. ಬಣ್ಣ ಏರಿಸುವುದು, ವೇಗ ಹೆಚ್ಚಿಸುವುದು, ಒಂದು ತುಂಡು ಕರಗಿ ಇನ್ನೊಂದರೊಳಗೆ ಸೇರುವ ಹಾಗೆ ಮಾಡುವುದು, ಎಲ್ಲ ತೋರಿಸಿದರು. ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಆಫೀಸಿನಿಂದ ಬಂದವನು ಕಾಫಿಯನ್ನೂ ಲ್ಯಾಪ್‌ಟಾಪಿನ ಮುಂದೆಯೇ ಕುಡಿಯುತ್ತಿದ್ದೆ. ಸಾಕೆನಿಸುತ್ತಿತ್ತು, ಬಿಟ್ಟೇಳಲು ಆಗುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಇವಳು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಮಲಗಿರುತ್ತಿದ್ದಳು. "ಆಯ್ತಾ ರೀ?" ಎಂದು ಕೇಳಿದರೆ, "ಆಗ್ತಾ ಇದೆ ಕಣೇ, ಅವಸರ ಮಾಡ್ಬೇಡ" ಎಂದು ರೇಗುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರೂ ಬೇರೆಬೇರೆ ಕಡೆ ಸಿಕ್ಕಿಬಿದ್ದಿದ್ದೆವು.

ಕೊನೆಗೊಂದು ಭಾನುವಾರ ಆಯಿತು. ಬಿಸಿಲಿಗೆ ಬಂಗಾರದ ಬಣ್ಣ, ಹಿನ್ನೆಲೆಗೆ ನಾದಸ್ವರ. ಮರಗಳ ತಲೆಯ ಮೇಲೆ ಸಾಗಿ, ಬಂಡೆ ಸುತ್ತಿ, ದೂರದ ಅರಸೀಕೆರೆಯನ್ನು ಒಮ್ಮೆ ತೋರಿಸಿ, ದೇವಸ್ಥಾನದ ಎದುರು ಬಂದು ನಿಲ್ಲುತ್ತಿತ್ತು. ಇವಳು ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು, ನೆಟ್ಟಗೆ ಬೆನ್ನಿರುವ ಕುರ್ಚಿಯಲ್ಲಿ ಕೂತಳು. ಬಟ್ಟಲು ಯಾಕೆಂದು ನಾನು ಕೇಳಲಿಲ್ಲ. ವಿಡಿಯೊ ಮುಗಿಯಿತು. ನಾನು ಹೊಗಳಿಕೆಗೆ ಕಾದೆ.

"ಚೆನ್ನಾಗಿದೆ" ಎಂದಳು. ಪರದೆಯತ್ತ ಬೆರಳು ತೋರಿಸಿ, "ಮೆಟ್ಟಿಲೆಲ್ಲಿ ರೀ?" ಎಂದಳು.

ಮೆಟ್ಟಿಲು! ಮರಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಯ ಗೀರು ಕಾಣುತ್ತಿತ್ತು, ಅಷ್ಟೇ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ತಿಂಗಳು ಕಣ್ಣು ಕಳೆದುಕೊಂಡದ್ದು ಯಾರಿಗಾಗಿ?

"ಮೇಲಿಂದ ತೆಗೆದ್ರೆ ಹಂಗೇ ಕಾಣೋದು. ಇನ್ನೇನು ಮಾಡ್ಲಿ ನಾನು?"

"ಹರಕೆ ಹೊತ್ತವರು ಮೇಲಿಂದ ನೋಡಲ್ಲ ಕಣ್ರೀ. ನೆಲ ನೋಡ್ಕೊಂಡು ಬಗ್ಗಿ ಹತ್ತೋದು. ಅಲ್ಲಿ ಮುಂದಿನ ಮೆಟ್ಟಿಲು ಬಿಟ್ಟು ಏನೂ ಕಾಣಲ್ಲ." ಅವಳು ಬೈಯಲಿಲ್ಲ. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಏಳಲು ಹೋದಳು. ನೋವಿಗೆ ಮುಖ ಕಿವುಚಿದಳು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು.

"ತಡಿ, ಕೂತ್ಕೋ" ಎಂದೆ.

ಹಾರುವ ಮೊದಲಿನ ಒಂದು ತುಂಡು ಇತ್ತು. ಡ್ರೋನ್ ಇನ್ನೂ ಆ ಮೆಟ್ಟಿಲ ಮೇಲೆ ಕೂತಿರುವಾಗಲೇ ಕ್ಯಾಮೆರಾ ಚಾಲೂ ಆಗಿತ್ತು. ಎಲ್ಲ ಸಾಫ್ಟ್‌ವೇರುಗಳಲ್ಲೂ ನಾನು ಮೊಟ್ಟಮೊದಲು ಕತ್ತರಿಸಿ ಬಿಸಾಡುತ್ತಿದ್ದ ಕಸ ಅದು. ನನ್ನ ಚಪ್ಪಲಿಯಿಲ್ಲದ ಕಾಲು, ಕಲ್ಲು, ಒಣಗಿದ ಎಲೆ. ಅದನ್ನು ಹುಡುಕಿ ಹಾಕಿದೆ.

ಪರದೆಯ ತುಂಬ ಕಲ್ಲು ಬಂತು. ನೆಲದ ಮಟ್ಟದಲ್ಲಿ, ಬಗ್ಗಿದವರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಮುಂದಿನ ಮೆಟ್ಟಿಲು.

"ಇಲ್ಲಿ ನಿಲ್ಸಿ" ಎಂದಳು. ಅವಳ ದನಿ ಬದಲಾಗಿತ್ತು. ನಾನು ನಿಲ್ಲಿಸಿದೆ. ಅವಳು ಬೆರಳು ಅದ್ದಿ, ನಾನು ಬೇಡ ಎನ್ನುವಷ್ಟರಲ್ಲಿ, ಲ್ಯಾಪ್‌ಟಾಪಿನ ಪರದೆಯ ಮೇಲೆ, ಆ ಕಲ್ಲಿನ ಅಂಚಿಗೆ, ಕುಂಕುಮ ಇಟ್ಟಳು. "ಮುಂದಿನದು."

ಕೀಬೋರ್ಡಿನ ಬಾಣದ ಗುರುತು ಒತ್ತಿ ಚಿತ್ರವನ್ನು ಇಷ್ಟಿಷ್ಟೇ ಮುಂದೆ ಸರಿಸಿದೆ. ಡ್ರೋನ್ ನಿಧಾನಕ್ಕೆ ಎದ್ದಿತು. ಇನ್ನೊಂದು ಮೆಟ್ಟಿಲು ಕಂಡಿತು, ಇಟ್ಟಳು. ಮತ್ತೊಂದು, ಇಟ್ಟಳು. ಆಮೇಲೆ ಪರದೆಯ ತುಂಬ ಬರೀ ಎಲೆ, ಆಕಾಶ.

"ಇನ್ನು?"

"ಇಲ್ಲಿಂದ ಹಾರಿಬಿಡ್ತು ಕಣೇ."

"ಹಾರಿಸ್ಬೇಡಿ ರೀ" ಎಂದಳು. "ನಾನು ಹಾರಲಾರೆ."

ಕನ್ನಡಕದ ಬಟ್ಟೆ ತೆಗೆದು ಪರದೆ ಒರೆಸಲು ಹೋದೆ. ಅವಳು ಗಾಬರಿಯಿಂದ ನನ್ನ ಕೈ ಹಿಡಿದಳು. ಮುತ್ತೈದೆ ಇಟ್ಟ ಕುಂಕುಮ ಗಂಡನಾದವನು ಒರೆಸುವುದುಂಟೇ? ಬಟ್ಟೆಯನ್ನು ಜೇಬಿಗೆ ಹಾಕಿಕೊಂಡೆ. ಆ ಲ್ಯಾಪ್‌ಟಾಪು ಅಂದಿನಿಂದ ಹಾಗೇ ಇದೆ. ಆಫೀಸಿನ ಪತ್ರಗಳನ್ನು ಕೆಂಪು ಬೊಟ್ಟುಗಳ ಸಂದಿಯಲ್ಲಿ ಇಣುಕಿ ಓದುತ್ತೇನೆ.

ಈಗ ಭಾನುವಾರಗಳಲ್ಲಿ ಡ್ರೋನ್ ಮನೆಯಲ್ಲೇ ಇರುತ್ತದೆ. ನಾನು ಫೋನ್ ಹಿಡಿದು ಬೆಟ್ಟ ಹತ್ತಿ, ಕಳೆದ ವಾರ ಬಿಟ್ಟ ಮೆಟ್ಟಿಲಿನಿಂದ ಶುರು ಮಾಡಿ, ಬಗ್ಗಿ, ಚಿತ್ರ ತೆಗೆದು, ಎದ್ದು, ಸೊಂಟ ಹಿಡಿದುಕೊಳ್ಳುವವರೆಗೂ ಮುಂದೆ ಹೋಗುತ್ತೇನೆ. ಅದನ್ನು ಯಾವ ಸಾಫ್ಟ್‌ವೇರಿಗೂ ಹಾಕುವುದಿಲ್ಲ. ಇವಳು ಸಂಜೆ ಟೀವಿಗೆ ಹಾಕಿಸಿಕೊಂಡು ಹಚ್ಚುತ್ತಾಳೆ. ತುದಿ ಇನ್ನೂ ದೂರವಿದೆ.

ಹೋದ ವಾರ ಮಗಳು ಬಂದಿದ್ದಳು. ಇವಳು ಮೊಮ್ಮಗನನ್ನು ಮುಂದೆ ಕೂರಿಸಿಕೊಂಡು, ಕಣ್ಣಿಗೆ ಬೀಳುವ ಕೂದಲನ್ನು ಎತ್ತಿ ರಬ್ಬರ್ ಬ್ಯಾಂಡ್ ಹಾಕಿ ಜುಟ್ಟು ಕಟ್ಟಿದಳು.

"ಇನ್ನೊಂಚೂರು ತಡ್ಕೊಳೋ ಕಂದ" ಎಂದಳು. "ಅಜ್ಜಿ ಹತ್ತುತಾ ಇದಾಳೆ."