ಪೈಲವಾನನ ಕೈಗೆ ಬಳೆ

ವಿಜಾಪುರದ ಗಾಂಧಿ ಚೌಕದಲ್ಲಿ ಸರಕು ಕೊಂಡು ತಿಕೋಟಾದ ಮನೆಮನೆಗೆ ಬಳೆ ತೊಡಿಸುತ್ತಿದ್ದ ಬೀಬಿಜಾನ ಮಾತಿನ ಮಲ್ಲಿ. ಎಳೆಗೂಸಿನ ಕೈಗಾಗಲಿ, ಮುದುಕಿಯ ಗಂಟುಗೈಗಾಗಲಿ ನೋವಾಗದಂತೆ ಬಳೆ ಏರಿಸುವುದೇ ಅವಳ ಹೆಮ್ಮೆ. ಆ ಹೆಮ್ಮೆ ಸೋತದ್ದು ಒಂದೇ ಕೈಗೆ, ೧೯೬೨ರ ಸುಮಾರಿಗೆ.

ಅದು ಯಲಗೂರಪ್ಪನ ಮನೆ. ಮೊಮ್ಮಗ ಗೊಲ್ಲಾಳನಿಗೆ ಐದು ತುಂಬಿದ್ದರೂ ಮಾತು ಬಂದಿರಲಿಲ್ಲ. ಕರೆದರೆ ತಿರುಗಿ ನೋಡನು. ತಾಟನ್ನು ಬುಗುರಿಯಂತೆ ತಿರುಗಿಸುತ್ತ ಕೂಡುವನು. ತಾಯಿ ಹೊಳೆವ್ವ ಉಣಿಸಿದರೆ ಮಾತ್ರ ಉಣ್ಣುವನು. ಈಗ ಅವಳು ಎರಡನೆಯ ಹೆರಿಗೆಗೆ ಬಿಜ್ಜರಗಿಯ ತವರಿಗೆ ಹೋಗಬೇಕಿತ್ತು. ಹಿಂದೊಮ್ಮೆ ಅಲ್ಲಿಗೆ ಕರೆದೊಯ್ದಾಗ ಹುಡುಗ ಹೊಸ ಮನೆ ಕಂಡು ಚೀರಿ ಚೀರಿ ಬಳಲಿದ್ದ. ಬಿಟ್ಟು ಹೋದರೆ ಉಣಿಸುವವರಾರು? ಗಂಡ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು; ಮನೆಯಲ್ಲಿ ಉಳಿಯುವವನು ಮಾವ ಯಲಗೂರಪ್ಪನೊಬ್ಬನೇ.

ಹುಡುಗನನ್ನು ವಿಜಾಪುರದ ಡಾಕ್ಟರರಿಗೆ ತೋರಿಸಿದ್ದಾಗಿತ್ತು. ಇದು ಹುಚ್ಚಲ್ಲ, ಇದಕ್ಕೆ ಔಷಧವೂ ಇಲ್ಲ. ಅವನಿಗೆ ಹಿಡಿಸಿದ್ದೇನೆಂದು ಕಂಡುಕೊಂಡು, ಅದನ್ನೇ ಹಿಡಿದು ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ ಎಂದು ಅವರು ಸಮಾಧಾನದಿಂದ ತಿಳಿಸಿದ್ದರು.

ಸೀಮಂತದ ಕುಬಸದ ದಿನ ಬೀಬಿಜಾನ ಬಸುರಿಯ ಹಳೆಯ ಬಳೆ ತೆಗೆದು, ಪದ್ಧತಿಯಂತೆ ಹಸಿರು ಬಳೆ ತೊಡಿಸಿದಳು. ಆ ಸಂಜೆ ಗೊಲ್ಲಾಳ ತಾಯಿಯ ತುತ್ತನ್ನೂ ದೂಡಿದ. ಹುಟ್ಟಲಿರುವ ಕೂಸಿನ ಮೇಲೆ ಹೊಟ್ಟೆಕಿಚ್ಚೆಂದರು ನೆರೆಯವರು, ದೃಷ್ಟಿಯನ್ನೂ ತೆಗೆದರು. ಮರುದಿನ ಬೀಬಿಜಾನ ಬಂದಾಗ ಅವನು ಮೂಲೆಯಲ್ಲಿ ಕುಳಿತು, ತಾಯಿಯ ಹಳೆಯ ಬಳೆಗಳನ್ನು ಕಿವಿಯ ಬಳಿ ಅಲುಗಿಸುತ್ತಿದ್ದ. ಅವಳಿಗೆ ಹೊಳೆವ್ವ ಹಿಂದೆ ಹೇಳಿದ್ದ ಡಾಕ್ಟರರ ಮಾತು ನೆನಪಾಯಿತು. ಹೊಳೆವ್ವನ ಕೈಗೆ ಹಸಿರಿನ ನಡುವೆ ಹಳೆಯವನ್ನು ಮತ್ತೆ ಏರಿಸಿದಳು. ಹೊಳೆವ್ವ ಹಾಲಿನಲ್ಲಿ ರೊಟ್ಟಿ ನುರಿಸತೊಡಗಿದಳು. ಹಳೆಯ ಬಳೆಗಳ ಆ ಸದ್ದಿಗೆ ಹುಡುಗ ಬಂದು ಬಾಯಿ ತೆರೆದ.

ಬೀಬಿಜಾನ ಯಲಗೂರಪ್ಪನತ್ತ ತಿರುಗಿದಳು.

"ಕಾಕಾ, ನೀವೂ ಕೈ ಕೊಡ್ರಿ."

ಯಲಗೂರಪ್ಪ ಹಳೆಯ ಪೈಲವಾನ. "ಕುಸ್ತ್ಯಾಗ ಸೋತವ್ರಿಗಿ ಬಳಿ ತೊಟ್ಕೋರಿ ಅಂತಿದ್ದೆ ಬೇ, ನಾನು."

"ಈಗ ನಿಮ್ಮ ಪಾಳಿ ಬಂದೈತ್ರಿ."

ಎಣ್ಣೆ ಹಚ್ಚಿದರೂ, ಸಾಬೂನು ಸವರಿದರೂ ಆ ಕೈಗೆ ಯಾವ ಬಳೆಯೂ ಏರಲಿಲ್ಲ. ಕೊನೆಗೆ ಹೊಳೆವ್ವನ ಹಳೆಯ ಬಳೆಗಳನ್ನೇ ಮತ್ತೆ ತೆಗೆದು ದಾರಕ್ಕೆ ಪೋಣಿಸಿ ಅವನ ಮಣಿಕಟ್ಟಿಗೆ ಕಟ್ಟಿದಳು. ಮೊದಮೊದಲು ಸೊಸೆ ಪಕ್ಕದಲ್ಲೇ ಕುಳಿತು ಉಣಿಸಿದಳು, ಮಾವ ರೊಟ್ಟಿ ನುರಿಸಿದ. ಆಮೇಲೆ ತುತ್ತು ಕೊಡುವುದೂ ಮಾವನದೇ ಆಯಿತು. ಮುಂದೆ ಅವಳು ಬಾಗಿಲಾಚೆ ನಿಂತಳು. ಹುಡುಗ ಅಜ್ಜನ ಮುಖ ನೋಡಲಿಲ್ಲ. ಬಳೆ ನೋಡುತ್ತ ಉಂಡ.

ಹೊಳೆವ್ವ ಬಿಜ್ಜರಗಿಯ ಬಂಡಿ ಹತ್ತಿದ ದಿನ ಬೀಬಿಜಾನ ಬೇಕೆಂದೇ ಆ ಓಣಿಗೆ ಬಂದಳು. ಕಟ್ಟೆಯ ಮೇಲೆ ಅಜ್ಜ ಮೊಮ್ಮಗನಿಗೆ ಉಣಿಸುತ್ತಿದ್ದ. ಹಾದುಹೋಗುತ್ತಿದ್ದ ಗೆಳೆಯ ಲಾಲಸಾಬ ತಡೆಯಲಾರದೆ ಕೇಳಿದ:

"ಏನ್ ಪೈಲವಾನ, ಯಾರ ಕೂಡ ಸೋತಿ?"

ಯಲಗೂರಪ್ಪ ಕೈ ನಿಲ್ಲಿಸಲಿಲ್ಲ. "ಇವನ ಕೂಡ. ಸುಮ್ ಹೋಗಲೇ, ಕೂಸು ಉಣ್ಣಾಕತ್ತೈತಿ."